ಬಂಡಿದಾರಿ, ಸೈಕಲ್ಲು ಮತ್ತು ನಮ್ಮ ಊರು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತನಾಡಿದವರು ಸಂಘ ನಡೆದು ಬಂದ ದಾರಿಯ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ಹಾಲಿನ ಗುಣಮಟ್ಟ, ಎಸ್.ಎನ್.ಎಫ್., ಪಶು ಆಹಾರ, ವಿಮೆ ಎಲ್ಲಾ ಬಂತು. ಇನ್ನು ಅದನ್ನೇ ನಾನೂ ಹೇಳಿದರೆ ಊಟದ ಹೊತ್ತಿಗೆ ನಿಮಗೆ ನಿದ್ದೆ ಬರ್ತದೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ದೊಡ್ಡ ವಿಚಾರ ನನಗೆ ಬಾರದು. ಅಧ್ಯಕ್ಷರು "ನೀನು ಹತ್ತು ನಿಮಿಷ ಏನಾದರೂ ಹೇಳಪ್ಪ" ಅಂದಾಗ ನಾನು ದಾರಿ ಬಗ್ಗೇನೇ ಹೇಳ್ತೀನಿ ಅಂದೆ. ನಮ್ಮ ಕಾಲಡಿ ಇರುವ ಮಣ್ಣಿನ ದಾರಿ. ಕೆರೆ ಏರಿ ಇಳಿದು, ಹುಣಸೆ ತೋಪಿನ ಪಕ್ಕ ಹಾದು, ಹೊಲಗಳ ನಡುವೆ ಹೋಗುತ್ತಿದ್ದ ಬಂಡಿದಾರಿ. "ಹೋಗುತ್ತಿದ್ದ" ಅಂತ ಯಾಕೆ ಅಂದೆ ಅನ್ನೋದು ಇಲ್ಲಿ ಕೂತಿರೋ ಕೆಲವರಿಗೆ ಆಗಲೇ ಗೊತ್ತಾಗಿರಬಹುದು. ಅವರು ಎದ್ದು ಹೋಗಬಾರದು ಅಂತ ಕೈಮುಗಿದು ಕೇಳ್ಕೋತೀನಿ.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಹಾಲು ಅಳೆದು ಮುಗಿಯುವ ಹೊತ್ತಿಗೆ, ನಾಲ್ಕು ಜನ ಹುಡುಗರು, ಒಬ್ಬ ಹೆಣ್ಣುಮಗಳು ಸೈಕಲ್ಲಿನಲ್ಲಿ ಡೈರಿ ಮುಂದೆ ಬಂದು ನಿಂತರು. ತಲೆಗೆ ಹೆಲ್ಮೆಟ್ಟು, ಮೈಯೆಲ್ಲ ಕೆಂಧೂಳು. ಬೆಂಗಳೂರಿನವರು. ಹಿಂದಿನ ದಿನ ಹಾಸನದಲ್ಲಿ ಉಳಿದು ಶ್ರವಣಬೆಳಗೊಳಕ್ಕೆ ಹೊರಟಿದ್ದರು, ಅದೂ ಹೈವೇ ಮುಟ್ಟದೆ. "ಅಣ್ಣ, ಇಲ್ಲಿಂದ ಮುಂದಕ್ಕೆ ಗ್ರಾವೆಲ್ ಸಿಗುತ್ತಾ?" ಅಂತ ಕೇಳಿದರು. ನಮ್ಮ ಕಾರ್ಯದರ್ಶಿಗಳು ಬಹಳ ಗಂಭೀರವಾಗಿ "ಗ್ರಾವೆಲ್ ಬೇಕಾದ್ರೆ ಟ್ರ್ಯಾಕ್ಟರ್‌ನೋರನ್ನ ಕೇಳ್ಬೇಕು, ಲೋಡಿಗೆ ಎಷ್ಟು ಅಂತ ಅವರೇ ಹೇಳ್ತಾರೆ. ಮನೆ ಕಟ್ಟಿಸ್ತಿದ್ದೀರಾ?" ಅಂದರು. ಆ ಹುಡುಗರು ನಕ್ಕಿದ್ದು ನಕ್ಕಿದ್ದೇ.

ಆಮೇಲೆ ಕಾಫಿ ಕುಡೀತಾ ವಿವರ ಹೇಳಿದರು. ಡಾಂಬರು ಬಿಟ್ಟು, ಕಾರು ಲಾರಿ ಇಲ್ಲದ ಜಲ್ಲಿ ದಾರಿ, ಮಣ್ಣು ದಾರಿ, ಕಾಡಂಚಿನ ದಾರಿ, ನಾಲೆ ಏರಿ, ಇಂಥ ಕಡೆ ಸೈಕಲ್ ಹೊಡೆಯೋದಕ್ಕೆ ಗ್ರಾವೆಲ್ ಸವಾರಿ ಅಂತ ಹೆಸರು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಎಂಪೋರಿಯಾ ಅನ್ನೋ ಊರಿನಿಂದ ಹೊಲಗಳ ನಡುವಿನ ಜಲ್ಲಿ ದಾರಿಯಲ್ಲಿ ಇನ್ನೂರು ಮೈಲಿ ಓಟ 2006ರಲ್ಲಿ ಶುರುವಾಯಿತಂತೆ. ಅದು ಹಬ್ಬಿ ಹಬ್ಬಿ 2022ರಲ್ಲಿ ಇಟಲಿಯಲ್ಲಿ ಇದಕ್ಕೇ ವಿಶ್ವ ಚಾಂಪಿಯನ್‌ಶಿಪ್ ನಡೆದು, ಬೆಲ್ಜಿಯಂ ದೇಶದ ವರ್ಮೀರ್ಶ್ ಅನ್ನುವವರು ಗೆದ್ದರು. ಅದಕ್ಕೇ ಅಂತ ಬೇರೆ ಸೈಕಲ್ಲೂ ಇದೆ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತೆ, ಚಕ್ರದ ಮಧ್ಯೆ ತಟ್ಟೆ ಬ್ರೇಕು, ಟೈರು ದಪ್ಪ. ಒಬ್ಬ ಹುಡುಗನ ಸೈಕಲ್ಲಿಗೆ ಒಂದೂವರೆ ಲಕ್ಷ ಅಂದ. ನಮ್ಮ ಸದಸ್ಯರೊಬ್ಬರು ಅಲ್ಲೇ ಲೆಕ್ಕ ಹಾಕಿ "ಎರಡು ಒಳ್ಳೇ ಹಸು ಬರ್ತಿದ್ವು" ಅಂದರು.

ನಾನು ಬಗ್ಗಿ ಅವನ ಟೈರಿನ ಮೇಲೆ ಬರೆದಿದ್ದನ್ನ ಓದಿದೆ. ನಲವತ್ತು ಅಂತ ಇತ್ತು. ನಲವತ್ತು ಮಿಲಿಮೀಟರ್ ದಪ್ಪ ಅಂತ ಅರ್ಥ. ರಸ್ತೆ ಮೇಲೆ ಓಡಿಸೋ ರೇಸ್ ಸೈಕಲ್ಲಿನ ಟೈರು ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೇ, ಮಣ್ಣಿಗೆ ಬಂದರೆ ಹೂತು ಹೋಗುತ್ತೆ. ಹಾಗಾಗಿ ಟೈರು ಅಗಲ ಮಾಡಿ, ಗಾಳಿ ಸ್ವಲ್ಪ ಕಡಿಮೆ ಬಿಟ್ಟು, ಕಲ್ಲಿನ ಹೊಡೆತ ಟೈರೇ ನುಂಗುವ ಹಾಗೆ ಮಾಡಿದ್ದಾರೆ. ಮನೆಗೆ ಬಂದು ಕೊಟ್ಟಿಗೆ ಗೋಡೆಗೆ ಒರಗಿಸಿದ್ದ ನಮ್ಮಪ್ಪನ ಕರೀ ಸೈಕಲ್ಲಿನ ಟೈರು ನೋಡಿದೆ. 28 ಇಂಟು ಒಂದೂವರೆ ಇಂಚು. ಒಂದೂವರೆ ಇಂಚು ಅಂದ್ರೆ ಎಷ್ಟು ಸ್ವಾಮಿ? ಮೂವತ್ತೆಂಟು ಮಿಲಿಮೀಟರು. ಅಂದರೆ ಪ್ರಪಂಚ ಈಗ ಕಂಡುಹಿಡಿದು ಒಂದೂವರೆ ಲಕ್ಷಕ್ಕೆ ಮಾರ್ತಾ ಇರೋ ಟೈರಿನ ಅಳತೆ ನಮ್ಮ ಹಟ್ಟಿಗಳಲ್ಲಿ ಐವತ್ತು ವರ್ಷದಿಂದ ತುಕ್ಕು ಹಿಡೀತಾ ಬಿದ್ದಿದೆ. ಆ ಸೈಕಲ್ಲನ್ನ ಡಾಂಬರಿಗೆ ಅಂತ ಯಾರೂ ಮಾಡಿದ್ದಲ್ಲ. ಆಗ ನಮ್ಮ ಕಡೆ ಡಾಂಬರು ಎಲ್ಲಿತ್ತು? ಸುಗ್ಗಿಯಲ್ಲಿ ಗಾಡಿ ಜಾಡಿನ ನಡುವೆ, ಹಿಂದೆ ಒಂದು ಮೂಟೆ, ಮುಂದೆ ಬಾರಿನ ಮೇಲೆ ಒಂದು ಮಗು ಕೂರಿಸಿಕೊಂಡು ಹೋಗೋಕೆ ಮಾಡಿದ್ದು.

ನಿಮಗೆ ನೆನಪಿರಬೇಕು, ಈ ಸಂಘ ಶುರುವಾದಾಗ ಹಾಲು ಬರ್ತಾ ಇದ್ದದ್ದೇ ಸೈಕಲ್ಲಿನಲ್ಲಿ. ಆಗ ನನಗೆ ಇಪ್ಪತ್ತರ ಆಸುಪಾಸು. ಕ್ಯಾರಿಯರ್ ಎರಡೂ ಪಕ್ಕ ಕ್ಯಾನು ನೇತುಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ, ತೋಟದ ಮನೆಗಳಿಂದ ಬಂಡಿದಾರಿಯಲ್ಲೇ ಬರ್ತಿದ್ವಿ. ಹೈವೇ ತುಳಿಯೋ ಪ್ರಮೇಯವೇ ಇರಲಿಲ್ಲ. ಮಳೆಗಾಲದಲ್ಲಿ ಜೇಡಿ ಮಣ್ಣು ಮಡ್ಗಾರ್ಡಿಗೆ ಮೆತ್ತಿಕೊಂಡು ಚಕ್ರ ತಿರುಗದೆ ಹೋದ್ರೆ ಕಡ್ಡಿಯಲ್ಲಿ ಕೆರೆದು ಮತ್ತೆ ಹತ್ತೋದು. ಅದಕ್ಕೂ ಮುಂಚೆ, ಹುಡುಗರಾಗಿದ್ದಾಗ, ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಕಲಿತದ್ದೂ ಅದೇ ದಾರಿಯಲ್ಲೇ. ಬಿದ್ದರೆ ಮಂಡಿ ತರಚುತ್ತಿತ್ತು, ಅಷ್ಟೇ. ಬಿದ್ದವನ ಮೇಲೆ ಹರಿಯೋಕೆ ಹಿಂದಿನಿಂದ ಏನೂ ಬರ್ತಿರಲಿಲ್ಲ.

ಈಗ ಮಕ್ಕಳಿಗೆ ಸೈಕಲ್ ಕಲಿಸೋಕೆ ಜಾಗ ತೋರಿಸಿ ನೋಡೋಣ. ನಮ್ಮ ಹೆದ್ದಾರಿಗೆ ಮೊದಲು 48 ಅಂತ ನಂಬರಿತ್ತು, ಈಗ 75. ಹೆದ್ದಾರಿ ಅಗಲವಾಗಿ ನಾಲ್ಕು ಪಥವಾಯಿತು, ಶಾಂತಿಗ್ರಾಮದಲ್ಲಿ ಟೋಲ್ ಗೇಟೂ ಬಂತು. ಒಳ್ಳೆಯದೇ ಆಯಿತು, ನಾನು ಅಭಿವೃದ್ಧಿ ವಿರೋಧಿ ಅಲ್ಲ. ಹಾಲಿನ ಟ್ಯಾಂಕರು ಹೊತ್ತಿಗೆ ಸರಿಯಾಗಿ ಹಾಸನ ಸೇರೋದು ಅದರಿಂದಲೇ. ಆದರೆ ಹಗಲು ರಾತ್ರಿ ಮಂಗಳೂರು ಬೆಂಗಳೂರು ನಡುವಿನ ಲಾರಿ, ಟ್ಯಾಂಕರು, ವೋಲ್ವೋ ಬಸ್ಸು ಹರಿಯೋ ರಸ್ತೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಸೈಕಲ್ಲಿನಲ್ಲಿ ಹೋಗೋದು ಹೇಗೆ? ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡ್ತು. ಕೊರೋನಾ ಬಂದ ಮೇಲೆ ಅದು ನಿಂತಿತು. ಕೊಟ್ಟ ಕಾಲದಲ್ಲೂ ನಮ್ಮೂರಲ್ಲಿ ಎಷ್ಟೋ ಸೈಕಲ್ಲು ಹುಲ್ಲಿನ ಹೊರೆ ತರೋಕೆ ಬಳಕೆಯಾದವು. ತಾಯಂದಿರನ್ನ ಕೇಳಿದರೆ ಒಂದೇ ಉತ್ತರ, "ಹೈವೇ ಮೇಲೆ ಕಳಿಸಕ್ಕೆ ಎದೆ ನಡುಗ್ತದೆ ಕಣಣ್ಣ." ಅದು ಸುಳ್ಳು ಭಯ ಅಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮ ತಾಲ್ಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆ ಮೇಲೆ ಲಾರಿ ನುಗ್ಗಿ ಏನಾಯಿತು ಅಂತ ಇಲ್ಲಿ ಯಾರಿಗೂ ನಾನು ಹೇಳಬೇಕಾಗಿಲ್ಲ. ಬಾಳಿ ಬದುಕಬೇಕಾಗಿದ್ದ ಹುಡುಗರು ಹೋದರು. ಅವರು ಸೈಕಲ್ಲಿನ ಮೇಲೆ ಇದ್ದವರಲ್ಲ, ತಮ್ಮೂರಲ್ಲಿ ಹಬ್ಬ ಮಾಡ್ತಾ ಇದ್ದವರು. ಊರೂ ರಸ್ತೆಯೂ ಒಂದೇ ಆಗಿಬಿಟ್ಟರೆ ಹೀಗೇ.

ಆ ಬೆಂಗಳೂರು ಹುಡುಗರು ಹೋದ ಮೇಲೆ ನನಗೂ ಒಂದು ಹುಚ್ಚು ಹತ್ತಿತು. ಮಾರ್ಚ್ ತಿಂಗಳಲ್ಲಿ ನಾನೂ ಇನ್ನಿಬ್ಬರು ಸದಸ್ಯರೂ ನಮ್ಮ ಹಳೇ ಸೈಕಲ್ಲುಗಳಿಗೆ ಹೊಸ ಬ್ರೇಕ್ ರಬ್ಬರು ಹಾಕಿಸಿ, ಗೂಡ್ಸ್ ಆಟೋದಲ್ಲಿ ಏರಿಸಿಕೊಂಡು ಸಕಲೇಶಪುರಕ್ಕೆ ಹೋಗಿ ಅಲ್ಲಿಂದ ಬಿಸಿಲೆ ಕಡೆ ಹೊರಟೆವು. ಮನೆಯಲ್ಲಿ ಬೈದರು, ಅದು ಬೇರೆ ಮಾತು. ಹೂಮಳೆ ಬಿದ್ದು ವಾರ ಕಳೆದಿತ್ತು. ಕಾಫಿ ಗಿಡವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ. ಮುಖ್ಯ ರಸ್ತೆ ಬಿಟ್ಟು ತೋಟಗಳ ಬದಿಯ ಮಣ್ಣು ದಾರಿ ಹಿಡಿದರೆ ನಮ್ಮ ಸರಪಳಿಯ ಸದ್ದು, ಹಕ್ಕಿ ಸದ್ದು ಬಿಟ್ಟರೆ ಬೇರೆ ಇಲ್ಲ. ಏರು ಬಂದ ಕಡೆ ಇಳಿದು ತಳ್ಳಿದೆವು, ನಮ್ಮ ಸೈಕಲ್ಲಿಗೆ ಗೇರಿಲ್ಲ. ತಳ್ಳೋದರಲ್ಲಿ ನಾಚಿಕೆ ಏನಿದೆ? ಇಳಿಜಾರಲ್ಲಿ ಮಾತ್ರ ಜಾಗ್ರತೆ. ಜಲ್ಲಿ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ಲು ಜಾರಿ ಮಕಾಡೆ ಮಲಗಿಸುತ್ತೆ. ಹಿಂದಿನದನ್ನ ಮೆತ್ತಗೆ ಒತ್ತಿಕೊಂಡೇ ಇಳಿಬೇಕು.

ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ದಿಣ್ಣೆಯ ನೆತ್ತಿ ಇದೆ. ಅಲ್ಲಿ ಗುರುತಿನ ಕಲ್ಲು. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಗೊರೂರಿನ ಕಟ್ಟೆಯಲ್ಲಿ ನಿಲ್ಲೋ ನೀರು ಹುಟ್ಟೋ ಸೀಮೆ ಅದು. ಮುಂದೆ ಹೋದರೆ ಕಣಿವೆಯಾಚೆ ಪುಷ್ಪಗಿರಿ ಬೆಟ್ಟ ಗೋಡೆ ನಿಲ್ಲಿಸಿದ ಹಾಗೆ ಕಾಣುತ್ತೆ. ಅಷ್ಟು ವರ್ಷ ನಾಲೆ ನೀರು ಕಟ್ಟಿದವನು ನಾನು, ಅದು ಎಲ್ಲಿಂದ ಬರ್ತದೆ ಅಂತ ನೋಡಿದ್ದು ಅವತ್ತೇ.

ಇಲ್ಲಿ ಒಂದು ಮಾತು ಸೇರಿಸಬೇಕು, ನಮ್ಮ ಹುಡುಗರು ಕೇಳಿಸ್ಕೊಂಡು ನಾಳೆಯೇ ಹೊರಟುಬಿಡ್ತಾರೆ. ಆ ಸೀಮೆಯಲ್ಲಿ ಆನೆ ಇದೆ. 2023ರ ಡಿಸೆಂಬರ್ 4ರಂದು ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ಅದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯೋ ಕೆಲಸದಲ್ಲಿ. ಅರ್ಜುನನಿಗೇ ಹಾಗಾದ ಮೇಲೆ ಸೈಕಲ್ ಬೆಲ್ಲು ಎಷ್ಟು ಕಾಪಾಡೀತು? ಬೆಳಕು ಹರಿದ ಮೇಲೆ ಹೊರಟು ಸಂಜೆ ಮುಂಚೆ ಊರು ಸೇರಬೇಕು. ಹೊರಡೋ ಮುಂಚೆ ಆ ಊರಿನವರನ್ನ "ಆನೆ ಯಾವ ಕಡೆ ಐತೆ" ಅಂತ ಕೇಳಬೇಕು. ಮೀಸಲು ಅರಣ್ಯದ ಒಳಗೆ ಇಲಾಖೆ ಅಪ್ಪಣೆ ಇಲ್ಲದೆ ಕಾಲಿಡಬಾರದು. ರೈಲು ಹಳಿ ಕಡೆಗಂತೂ ಹೋಗಲೇಬಾರದು. 1996ರಲ್ಲಿ ಮೀಟರ್ ಗೇಜ್ ರೈಲು ನಿಂತು ಮತ್ತೆ 2006ರಲ್ಲಿ ಬ್ರಾಡ್ ಗೇಜಿನ ಗೂಡ್ಸ್ ಗಾಡಿ ಓಡುವ ತನಕ ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ಆ ಹಳಿ ದಾರಿಯಲ್ಲಿ ಜನ ನಡೆದು ಹೋಗ್ತಿದ್ದರು. ಆ ಕಾಲ ಮುಗೀತು. ಈಗ ರೈಲು ಬರ್ತದೆ.

ಬಿಸಿಲೆಯಿಂದ ವಾಪಸ್ ಬರುವಾಗ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಒಂದೇ. ಮಲೆನಾಡಿನವರದು ಅವರಿಗೆ. ನಮ್ಮ ಬಯಲಿನಲ್ಲಿ ಏನು ಕಡಿಮೆ? ಕಾಡು ಇಲ್ಲ, ಸರಿ. ಆದರೆ ಕೆರೆ ಏರಿ ಇದೆ, ಹೊಂಗೆ ಸಾಲಿದೆ, ಕತ್ತಾಳೆ ಬೇಲಿ ಇದೆ, ನವಿಲಿದೆ, ತಗ್ಗಿನಲ್ಲಿ ಗದ್ದೆ ಬಯಲು, ದಿಣ್ಣೆ ಮೇಲೆ ರಾಗಿ ಹೊಲ. ಒಂದು ದಿಣ್ಣೆ ಹತ್ತಿ ಇಳಿದರೆ ಒಂದು ಊರು, ಒಂದು ಹೊಯ್ಸಳರ ಕಾಲದ ಗುಡಿ. ನಮ್ಮ ಭೋಗ ನರಸಿಂಹಸ್ವಾಮಿ ಇದ್ದಾನೆ, ಆಚೆ ಮೊಸಳೆಯಲ್ಲಿ ಜೋಡಿ ಗುಡಿಗಳಿವೆ, ಕೋರವಂಗಲದಲ್ಲಿ ಬೂಚೇಶ್ವರ ಇದ್ದಾನೆ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಬರೋ ಜನರೆಲ್ಲ ಕಾರಿನಲ್ಲಿ ಅಲ್ಲಿಗೆ ಹೋಗಿ ಕಾರಿನಲ್ಲೇ ವಾಪಸ್. ಈ ಚಿಕ್ಕ ಗುಡಿಗಳನ್ನ ಸೇರಿಸೋ ಹಳೇ ದಾರಿಗಳು ಇದ್ದವು. ನಮ್ಮ ಅಜ್ಜಂದಿರು ಸಂತೆಗೂ ಜಾತ್ರೆಗೂ ಗಾಡಿ ಕಟ್ಟಿಕೊಂಡು ಹೋಗಿದ್ದು ಆ ದಾರಿಯಲ್ಲೇ.

ಆ ಸೈಕಲ್ಲಿನ ಮಕ್ಕಳಿಗೆ ನಾನು "ಹುಣಸೆ ತೋಪಿನ ಮೇಲೆ ಹೋಗಿ, ಬಂಡಿದಾರಿ ಇದೆ" ಅಂತ ಕೈ ತೋರಿಸಿ ಕಳಿಸಿದ್ದೆ. ಅರ್ಧ ಗಂಟೆಗೆ ವಾಪಸ್ ಬಂದರು. ಸೈಕಲ್ಲು ಹೆಗಲ ಮೇಲೆ, ಕಾಲೆಲ್ಲ ಮುಳ್ಳು ಗೀರು. "ಅಣ್ಣ, ದಾರಿ ಮುಂದೆ ಜೋಳದ ಹೊಲದಲ್ಲಿ ಮುಗಿದುಹೋಗುತ್ತೆ" ಅಂದರು. ಮೊಬೈಲ್ ಮ್ಯಾಪಿನಲ್ಲಿ ದಾರಿ ಇದೆ. ಸರ್ಕಾರಿ ನಕಾಶೆಯಲ್ಲಿ ಇದೆ. ನೆಲದ ಮೇಲೆ ಇಲ್ಲ.

ಊರಿನ ನಕಾಶೆ ತರಿಸಿ ನೋಡಿದೆ. ಯಾರು ಬೇಕಾದರೂ ನೋಡಬಹುದು, ಕಂಪ್ಯೂಟರಿನಲ್ಲೂ ಸಿಗುತ್ತೆ. ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ನಮ್ಮೂರಿಂದ ಹೊರಡೋ ಬಂಡಿದಾರಿ ನಾಲ್ಕು. ಅದರಲ್ಲಿ ಗಾಡಿ ಪೂರ್ತಿ ಹೋಗೋ ಹಾಗಿರೋದು ಒಂದೇ. ಒಂದು ಅರ್ಧಕ್ಕೆ ನಿಂತಿದೆ. ಒಂದು ಕಾಲುದಾರಿ ಆಗಿದೆ. ಮತ್ತೊಂದರ ಮೇಲೆ ತೆಂಗಿನ ಸಸಿ ನೆಟ್ಟು ಹನಿ ನೀರಾವರಿ ಪೈಪು ಎಳೆದಿದ್ದಾರೆ. ಯಾರು ಅಂತ ಹೆಸರು ಹೇಳೋಲ್ಲ. ಬೆಳ್ಳಿಹಬ್ಬದ ದಿನ ಬೇಡ.

ಇದು ಒಂದು ದಿನದ ಕೆಲಸ ಅಲ್ಲ. ವರ್ಷಾ ವರ್ಷ ಉಳುವಾಗ ಒಂದು ಸಾಲು ಆಚೆಗೆ. ಬದು ಕಟ್ಟುವಾಗ ಅರ್ಧ ಅಡಿ ಆಚೆಗೆ. ಈ ಕಡೆಯವನು ಒತ್ತಿದ ಅಂತ ಆ ಕಡೆಯವನೂ ಒತ್ತಿದ. ಗಾಡಿ ಹೋಗಿ ಬೈಕು ಬಂದ ಮೇಲೆ "ಬೈಕಿಗೆ ಇಷ್ಟು ಸಾಕಲ್ವಾ" ಅಂದರು. ಸರಿ, ಇದರಿಂದ ಲಾಭ ಎಷ್ಟು ಅಂತ ಲೆಕ್ಕ ಹಾಕೋಣ. ಮೂರಡಿ ಅಗಲ, ಮುನ್ನೂರು ಅಡಿ ಉದ್ದ ಒತ್ತಿದರೆ ಒಂಬೈನೂರು ಚದರಡಿ. ಗುಂಟೆಗೆ 1089 ಚದರಡಿ. ಅಂದರೆ ಒಂದು ಗುಂಟೆಯೂ ಇಲ್ಲ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಅಂತ ಹಿಡಿದರೆ ಗುಂಟೆಗೆ ಇಪ್ಪತ್ತೈದು ಕೆ.ಜಿ. ಇಪ್ಪತ್ತೈದು ಕೆ.ಜಿ. ರಾಗಿಗೋಸ್ಕರ ನಮ್ಮ ಮಕ್ಕಳನ್ನ ಹೈವೇಗೆ ತಳ್ಳಿದ್ದೀವಿ. ಒತ್ತಿದವನ ಹೊಲದಿಂದಲೇ ಆಲೂಗೆಡ್ಡೆ ಮೂಟೆ ತೆಗೆಯೋಕೆ ಟ್ರ್ಯಾಕ್ಟರ್ ಹೋಗಲ್ಲ, ಆಮೇಲೆ ತಲೆಹೊರೆ ಕೂಲಿ ಅವನೇ ಕೊಡಬೇಕು. ಅದು ಅವನ ಲೆಕ್ಕಕ್ಕೆ ಬಂದೇ ಇಲ್ಲ!

ಕಾನೂನು ಏನು ಹೇಳುತ್ತೆ ಅಂತ ಕೇಳಿದ್ದೀನಿ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲಾ ಸರ್ಕಾರದ ಸ್ವತ್ತು. ಎಷ್ಟು ವರ್ಷ ಉತ್ತರೂ ಅದು ನಮ್ಮ ಪಹಣಿಗೆ ಬರಲ್ಲ. ತಹಸೀಲ್ದಾರರಿಗೆ ಅರ್ಜಿ ಕೊಟ್ಟರೆ ಸರ್ವೆ ಮಾಡಿಸಿ ತೆರವು ಮಾಡಿಸುವ ಅಧಿಕಾರ ಇದೆ. ಆದರೆ ಜೆ.ಸಿ.ಬಿ. ಮತ್ತು ಪೊಲೀಸು ತಂದು ದಾರಿ ಬಿಡಿಸಿದ ಊರಲ್ಲಿ ದಾರಿ ಉಳಿದರೂ ಮಾತು ಉಳಿಯಲ್ಲ. ಅದೇ ಜನ ಸಂಜೆ ಡೈರಿಯಲ್ಲಿ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಹಾಗಾಗಿ ಇದು ಸಂಘದ ಕೆಲಸ ಅಂತ ನಾನು ಹೇಳ್ತಾ ಇರೋದು. ದಾರಿಗೂ ಹಾಲಿನ ಸಂಘಕ್ಕೂ ಏನು ಸಂಬಂಧ ಅಂತ ನಮ್ಮ ಆಡಳಿತ ಮಂಡಳಿಯಲ್ಲೇ ಒಬ್ಬರು ಕೇಳಿದರು. ಊರಲ್ಲಿ ಎಲ್ಲಾ ಜಾತಿ, ಎಲ್ಲಾ ಪಾರ್ಟಿಯವರೂ ದಿನಕ್ಕೆ ಎರಡು ಸಲ ಒಂದೇ ಜಾಗಕ್ಕೆ ಬರೋದು ಬೇರೆ ಎಲ್ಲಿ ಇದೆ? ದೇವಸ್ಥಾನದಲ್ಲೂ ಇಲ್ಲ.

ಇನ್ನೊಂದು ಮಾತು ಬರುತ್ತೆ, ಅದು ಇದಕ್ಕಿಂತ ದೊಡ್ಡದು. "ದಾರಿ ಬಿಡಿಸಿದ ಮೇಲೆ ಕಾಂಕ್ರೀಟ್ ಹಾಕಿಸಿಬಿಡೋಣ, ಎಂ.ಎಲ್.ಎ. ಸಾಹೇಬರಿಗೆ ಹೇಳೋಣ." ನಾನು ಬೇಡ ಅಂತೀನಿ. ನೀವು ನಗಬಹುದು. ಊರಿಂದ ಊರಿಗೆ ಬಸ್ಸು ಹೋಗೋ ರಸ್ತೆಗೆ ಡಾಂಬರು ಬೇಕು, ಆಂಬುಲೆನ್ಸ್ ಬರೋ ರಸ್ತೆಗೆ ಬೇಕು, ಅದಕ್ಕೆ ನಾನೂ ಸಹಿ ಹಾಕ್ತೀನಿ. ಬಂಡಿದಾರಿಗೆ ಮಾತ್ರ ಬೇಡ. ಯೋಚನೆ ಮಾಡಿ. ಟೋಲ್ ಗೇಟ್ ಇರೋ ಸೀಮೆ ನಮ್ಮದು. ಒಳದಾರಿ ನುಣ್ಣಗಾದರೆ ಟೋಲ್ ತಪ್ಪಿಸೋಕೆ ಕಾರುಗಳು ಒಳಗೆ ನುಗ್ಗುತ್ತವೆ. ಅಂಥವರು ಎಲ್ಲಾ ಊರಲ್ಲೂ ಇರೋರೇ. ಆಮೇಲೆ ಟಿಪ್ಪರು. ಆಗ ಹೈವೇ ಮೇಲಿನ ಅಪಾಯವನ್ನ ನಾವೇ ಕೈಹಿಡಿದು ಹೊಲದೊಳಗೆ ಕರೆತಂದ ಹಾಗೆ. ಮಣ್ಣು ದಾರಿ ತನ್ನಷ್ಟಕ್ಕೆ ತಾನೇ ವೇಗ ಕಡಿಮೆ ಮಾಡಿಸುತ್ತೆ. ಎತ್ತು, ಮೇಕೆ, ಸೈಕಲ್ಲು, ಟ್ರ್ಯಾಕ್ಟರ್ರು ಎಲ್ಲಾ ಒಂದೇ ಲೆಕ್ಕದಲ್ಲಿ ಹೋಗೋದು ಅಲ್ಲಿ ಮಾತ್ರ.

ಇದು ನನ್ನೊಬ್ಬನ ತಲೆಹರಟೆ ಅಂತ ಅಂದ್ಕೋಬೇಡಿ. ಇಟಲಿ ದೇಶದಲ್ಲಿ ಟಸ್ಕನಿ ಅಂತ ಒಂದು ಪ್ರಾಂತ್ಯ. ದ್ರಾಕ್ಷಿ ತೋಟ, ದಿಣ್ಣೆ, ತಗ್ಗು. ಅಲ್ಲಿ ಹೊಲಗಳ ನಡುವೆ ಬಿಳೀ ಜಲ್ಲಿ ದಾರಿಗಳು ಇದ್ದವು, ಅವಕ್ಕೆ ಬಿಳಿ ರಸ್ತೆ ಅಂತಲೇ ಹೆಸರು. ಒಂದೊಂದೇ ಡಾಂಬರು ಆಗುತ್ತಾ ಬಂದಾಗ, 1997ರಲ್ಲಿ ಗಯೋಲೆ ಅನ್ನೋ ಸಣ್ಣ ಊರಿನಲ್ಲಿ ಜಿಯಾಂಕಾರ್ಲೋ ಬ್ರೋಚಿ ಅನ್ನುವವರು ಒಂದು ಉಪಾಯ ಮಾಡಿದರು. ಹಳೇ ಕಬ್ಬಿಣದ ಸೈಕಲ್ಲು, ಹಳೇ ಕಾಲದ ಉಣ್ಣೆ ಅಂಗಿ ಹಾಕಿಕೊಂಡು ಆ ಬಿಳಿ ರಸ್ತೆಗಳಲ್ಲಿ ಒಂದು ಸವಾರಿ. ಲೆರೋಯಿಕಾ ಅಂತ ಅದರ ಹೆಸರು. ಮೊದಲ ವರ್ಷ ಬಂದವರು 92 ಜನ. ಈಗ ಸಾವಿರಾರು ಜನ ದೇಶವಿದೇಶದಿಂದ ಬರ್ತಾರೆ, 1987ಕ್ಕಿಂತ ಹಳೇ ಸೈಕಲ್ಲೇ ತರಬೇಕು. 2007ರಿಂದ ಅದೇ ರಸ್ತೆಗಳ ಮೇಲೆ ದೊಡ್ಡ ದೊಡ್ಡ ಸವಾರರ ಓಟವೂ ನಡೀತಾ ಇದೆ. ಸೈಕಲ್ಲು ಬಂದ ಮೇಲೆ ಆ ದಾರಿಗಳಿಗೆ ಬೆಲೆ ಬಂತು, ಕಾಯುವವರೂ ಹುಟ್ಟಿದರು. ನಮ್ಮ ಹಟ್ಟಿಗಳಲ್ಲಿ ಇರೋ ಅಟ್ಲಾಸು, ಹೀರೋ, ರ್ಯಾಲಿ ಸೈಕಲ್ಲುಗಳು ಅಲ್ಲಿಗೆ ಹೋದರೆ ಮುಂದಿನ ಸಾಲಿನಲ್ಲಿ ನಿಲ್ಲಿಸ್ತಾರೆ! ಅಟ್ಲಾಸ್ ಅಂದ ಕೂಡಲೇ ನೆನಪಾಯಿತು. ಜೂನ್ 3 ವಿಶ್ವ ಸೈಕಲ್ ದಿನ ಅಂತ ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿತು. 2020ರಲ್ಲಿ ಅದೇ ಜೂನ್ 3ರಂದು ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಪತ್ರಿಕೆಯಲ್ಲಿ ಓದಿ ಆವತ್ತು ಮನಸ್ಸಿಗೆ ಬೇಜಾರಾಯಿತು.

ಟಸ್ಕನಿ ಹಾಗೆ ಇಲ್ಲೂ ಜನ ಬಂದು ದುಡ್ಡು ಸುರೀತಾರೆ ಅಂತ ನಾನು ಆಸೆ ಹುಟ್ಟಿಸ್ತಾ ಇಲ್ಲ. ಭಾನುವಾರ ನಾಲ್ಕು ಜನ ಬಂದು ಮಜ್ಜಿಗೆ ಕುಡಿದು, ಮಹಿಳಾ ಸಂಘದವರ ಹತ್ತಿರ ಎರಡು ಪ್ಯಾಕೆಟ್ ಹಪ್ಪಳ ತಗೊಂಡು ಹೋದರೆ ಸಂತೋಷ. ಮೊದಲು ದಾರಿ ಬೇಕಾಗಿರೋದು ನಮಗೆ. ಅರ್ಧ ಕಿಲೋಮೀಟರ್ ದೂರದ ಹೊಲಕ್ಕೆ ಬೈಕಿನಲ್ಲಿ ಹೋಗಿ, ಸಕ್ಕರೆ ಕಾಯಿಲೆಗೆ ಹಾಸನದ ಡಾಕ್ಟರ ಹತ್ತಿರ "ದಿನಾ ವಾಕಿಂಗ್ ಮಾಡಿ" ಅಂತ ಚೀಟಿ ಬರೆಸಿಕೊಂಡು ಬರೋರು ನಾವೇ ಅಲ್ವಾ?

ಒಳ್ಳೇ ಮಣ್ಣು ದಾರಿ ಅಂದರೆ ಬಿಟ್ಟ ದಾರಿ ಅಲ್ಲ, ಅದಕ್ಕೂ ಕೆಲಸ ಇದೆ. ಹಿರಿಯರಿಗೆ ಇದು ಗೊತ್ತು. ದಾರಿ ನಡುವೆ ಆಮೆ ಬೆನ್ನಿನ ಹಾಗೆ ಉಬ್ಬಿರಬೇಕು, ಎರಡೂ ಕಡೆ ಚರಂಡಿ ಇರಬೇಕು. ನೀರು ನಿಂತರೆ ಮಣ್ಣು ದಾರಿ ಸತ್ತ ಹಾಗೆ. ಬರೀ ಕೆಮ್ಮಣ್ಣು ಸುರಿದರೆ ಮೊದಲ ಮಳೆಗೆ ಕೆಸರು, ಬರೀ ಜಲ್ಲಿ ಸುರಿದರೆ ಚಕ್ರ ಜಾರುತ್ತೆ. ಗರಸು ಮಣ್ಣಿನಲ್ಲಿ ಸಣ್ಣ ಕಲ್ಲೂ ಅಂಟು ಮಣ್ಣೂ ಎರಡೂ ಇರುತ್ತೆ, ಅದನ್ನ ಹಾಕಿ ಮೊದಲ ಹದ ಮಳೆ ಬಿದ್ದ ಮೇಲೆ ಅದುಮಿಸಬೇಕು. ನೀರು ಅಡ್ಡ ಹರಿಯೋ ಕಡೆ ಒಂದೊಂದು ಮೋರಿ ಪೈಪು. ಅಂಚಿನ ಹೊಂಗೆ, ಹುಣಸೆ ಕಡಿಯಬಾರದು. ಬೇರು ಮಣ್ಣು ಹಿಡಿಯುತ್ತೆ, ನೆರಳೂ ಆಯ್ತು. ಗದ್ದೆ ಉಳೋ ಕಬ್ಬಿಣದ ಚಕ್ರ ಹಾಕಿಕೊಂಡು ಟ್ರ್ಯಾಕ್ಟರ್ ದಾರಿ ಮೇಲೆ ಓಡಿಸೋದು ನಿಲ್ಲಬೇಕು. ವರ್ಷದ ಕೆಲಸವನ್ನ ಒಂದು ಬೆಳಿಗ್ಗೆಗೆ ಹಾಳು ಮಾಡುತ್ತೆ ಅದು. ಹಾಗೇ ಸುಗ್ಗಿಯಲ್ಲಿ ರಾಗಿ, ಹುರುಳಿ ರಸ್ತೆ ಮೇಲೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸೋದು. ಹುರುಳಿ ಬಳ್ಳಿ ಮೇಲೆ ಸೈಕಲ್ ಚಕ್ರ ಹೋದರೆ ಬೀಳೋದು ಗ್ಯಾರಂಟಿ. ಕಣ ಮಾಡಿಕೊಳ್ಳೋಣ. ಸಂಘದ ಹಿಂದಿನ ಜಾಗವನ್ನ ಕಣಕ್ಕೆ ಬಿಡೋಕೆ ಆಡಳಿತ ಮಂಡಳಿಯಲ್ಲಿ ನಾನೇ ಕೇಳ್ತೀನಿ.

ಅಧ್ಯಕ್ಷರು ಗಡಿಯಾರ ನೋಡ್ತಾ ಇದ್ದಾರೆ, ಮುಗಿಸ್ತೀನಿ. ನನ್ನ ಸಲಹೆ ಇಷ್ಟು. ಮೊದಲು ಒಂದೇ ಒಂದು ದಾರಿ ತಗೊಳ್ಳೋಣ, ಡೈರಿಯಿಂದ ಕೆರೆ ಏರಿ ಮೇಲೆ, ಹುಣಸೆ ತೋಪು ಹಾದು ಶಾಂತಿಗ್ರಾಮದ ಹೈಸ್ಕೂಲ್ ಕಡೆ ಹೋಗೋ ಹಳೇ ಬಂಡಿದಾರಿ. ಅದರ ಅಂಚಿನಲ್ಲಿ ಜಮೀನು ಇರೋದು ಹನ್ನೊಂದು ಜನರದು, ಹನ್ನೊಂದೂ ಜನ ನಮ್ಮ ಸದಸ್ಯರೇ. ಸರ್ವೆಯವರನ್ನ ಕರೆಸೋಣ, ಕಲ್ಲು ನೆಡಿಸೋಣ. ಬೆಳೆ ಇರೋ ಕಡೆ ಕುಯ್ಲು ಮುಗಿಯೋ ತನಕ ಕಾಯೋಣ, ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ತೆಂಗಿನ ಸಸಿಗಳು ಇನ್ನೂ ಎರಡು ವರ್ಷದವು, ಕಿತ್ತು ಒಳಗೆ ನೆಡಬಹುದು, ಆ ಕೆಲಸಕ್ಕೆ ನಾನೂ ಬರ್ತೀನಿ. ಗರಸಿಗೆ ಸಂಘದ ಲಾಭಾಂಶದಲ್ಲಿ ಸದಸ್ಯರ ಒಪ್ಪಿಗೆಯಿಂದ ಸ್ವಲ್ಪ ಎತ್ತಿಡೋಣ, ಉಳಿದದ್ದು ಪಂಚಾಯ್ತಿಯವರನ್ನ ಕೇಳೋಣ. ಟ್ರ್ಯಾಕ್ಟರ್ ಇರೋರು ತಲಾ ನಾಲ್ಕು ಲೋಡು ಹೊಡೆದುಕೊಟ್ಟರೆ ಸಾಕು. ಡೀಸೆಲ್ ಸಂಘದ್ದು.

ಹಿರಿಯರೊಬ್ಬರು ಸಭೆಗೆ ಬರೋ ಮುಂಚೆ ನನ್ನ ಕಿವಿಯಲ್ಲಿ ಹೇಳಿದರು, "ಮಗಾ, ನನ್ನ ಬದು ಎರಡು ಅಡಿ ಆಚೆ ಐತೆ, ನಾಳೆ ಹಿಂದಕ್ಕೆ ಹಾಕಿಸ್ತೀನಿ, ಆದ್ರೆ ಎದುರು ಕಡೆಯವನ್ನೂ ಕೇಳು." ಎದುರು ಕಡೆಯವರೂ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರು ಈಗ ನಗ್ತಾ ಇದ್ದಾರೆ, ಅದನ್ನ ನಾನು ಒಪ್ಪಿಗೆ ಅಂತಲೇ ಬರೆದುಕೊಳ್ತೀನಿ.

ತಹಸೀಲ್ದಾರರಿಗೆ ಕೊಡೋ ಸರ್ವೆ ಅರ್ಜಿ ಕಾರ್ಯದರ್ಶಿಗಳ ಮೇಜಿನ ಮೇಲೆ ಇದೆ, ಪಕ್ಕದಲ್ಲಿ ನಕಾಶೆಯನ್ನೂ ಹರಡಿದ್ದೀವಿ. ದಾರಿಗೆ ಕೆಂಪು ಪೆನ್ಸಿಲ್ ಎಳೆದಿದೆ. ಊಟಕ್ಕೆ ಹೋಗೋ ಮುಂಚೆ ಹನ್ನೊಂದು ಜನ ಒಂದು ಸಲ ನೋಡಿ ಸಹಿ ಹಾಕಿ ಹೋಗಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಶಾಯಿ ಇಟ್ಟಿದ್ದೇವೆ. ಹನ್ನೆರಡನೇ ಸಾಲು ಖಾಲಿ ಬಿಟ್ಟಿದ್ದೀವಿ, ಕೆರೆ ಏರಿ ಪಂಚಾಯ್ತಿ ಲೆಕ್ಕಕ್ಕೆ ಬರೋದರಿಂದ ಅಧ್ಯಕ್ಷರ ಸಹಿಯೂ ಬೇಕು ಅಂತ ಗ್ರಾಮ ಲೆಕ್ಕಿಗರು ಹೇಳಿದ್ದಾರೆ.